ಬೂಸಾನ್‌ನಲ್ಲಿ ಊಟ, ಸುತ್ತಾಟ, ಚರ್ಮದ ಚಿಕಿತ್ಸೆ: ಯಾವುದು ಮೊದಲು, ಯಾವುದು ಆಮೇಲೆ

ದಕ್ಷಿಣ ಕೊರಿಯಾದ ಬಂದರು ನಗರ ಬೂಸಾನ್‌ಗೆ ಜನ ಹೋಗುವುದು ಕಡಲಿಗೆ, ಬಿಸಿನೀರಿನ ಸ್ನಾನಕ್ಕೆ, ಹಸಿ ಮೀನಿನ ಜತೆ ಅಲ್ಲಿನ ಮದ್ಯ ಸೋಜು ಕುಡಿಯುವುದಕ್ಕೆ. ಲೇಸರ್ ಅಥವಾ ಸೂಜಿ ತಾಕಿದ ಮುಖಕ್ಕೆ ಈ ಮೂರೂ ಆಗಿಬರುವುದಿಲ್ಲ. ಬಂದ ದಿನವೇ ಕ್ಲಿನಿಕ್‌ಗೆ ಓಡಿದರೆ ಉಳಿದ ರಜೆಯೆಲ್ಲ ಟೋಪಿ, ಮಾಸ್ಕ್‌ನಲ್ಲೇ ಕಳೆಯುತ್ತದೆ. ಮೊದಲ ದಿನ ಡಾಕ್ಟರನ್ನು ಕಂಡು ಮಾತಾಡಿ ಬನ್ನಿ, ಅಷ್ಟೇ ಸಾಕು. ಸ್ನಾನ, ಮೀನು ಮಾರುಕಟ್ಟೆ, ಬೆಟ್ಟ ಎಲ್ಲ ಮಧ್ಯದ ದಿನಗಳಿಗೆ. ಚಿಕಿತ್ಸೆ ಆದಮೇಲೂ ಮೂರು-ನಾಲ್ಕು ದಿನ ಊರಲ್ಲೇ ಇರುವಂತೆ ಟಿಕೆಟ್ ಮಾಡಿಸಿ. ಏನಾದರೂ ಎಡವಟ್ಟಾದರೆ ಮಾಡಿದವರೇ ನೋಡಬೇಕಲ್ಲ.

ಉಳಿಯಲು ಸೊಮ್ಯೊನ್ ಅನುಕೂಲ. ಮೆಟ್ರೋದ 1 ಮತ್ತು 2ನೇ ಮಾರ್ಗ ಕೂಡುವ ಜಾಗ, ಕ್ಲಿನಿಕ್‌ಗಳು ಸಾಲಾಗಿರುವ ಮೆಡಿಕಲ್ ಸ್ಟ್ರೀಟ್ ಇಲ್ಲೇ ಇದೆ. ಗಿಮ್ಹೇ ವಿಮಾನ ನಿಲ್ದಾಣದಿಂದ ಲೈಟ್ ರೈಲು ಹತ್ತಿ ಸಸಾಂಗ್‌ನಲ್ಲಿ ಇಳಿದು 2ನೇ ಮಾರ್ಗಕ್ಕೆ ಬದಲಾಯಿಸಿದರೆ ನೇರ ಸೊಮ್ಯೊನ್. ಬಸ್, ಮೆಟ್ರೋಗೆ ಬಳಸುವ ಟಿ-ಮನಿ ಕಾರ್ಡ್ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಸಿಗುತ್ತದೆ. ರೀಚಾರ್ಜ್‌ಗೆ ಕೈಯಲ್ಲಿ ಸ್ವಲ್ಪ ನಗದು ವೋನ್ ಇರಲಿ. ದಾರಿಗೆ ಕೊರಿಯಾದವರದೇ ಆ್ಯಪ್ ನೇವರ್ ಮ್ಯಾಪ್ ಬಳಸಿ, ಕೊರಿಯಾದಲ್ಲಿ ನಡೆದು ಹೋಗುವ ದಾರಿಗೆ ಗೂಗಲ್ ಮ್ಯಾಪ್ ನಂಬುವಂತಿಲ್ಲ.

ಕ್ಲಿನಿಕ್ ಆರಿಸುವಾಗ

ಮೊದಲು ಬೋರ್ಡ್ ನೋಡಿ. ಚರ್ಮರೋಗ ತಜ್ಞರೇ ನಡೆಸುವ ಜಾಗದ ಹೆಸರಿನಲ್ಲೇ ‘ಪಿಬುಗ್ವಾ ಉಯ್‌ವೊನ್’ ಎಂದಿರುತ್ತದೆ. ಸಾಮಾನ್ಯ ವೈದ್ಯರು ನಡೆಸುವ ಜಾಗದ ಹೆಸರಿನಲ್ಲಿ ಬರೀ ‘ಉಯ್‌ವೊನ್’. ‘ಪಿಬುಗ್ವಾ’ ಎನ್ನುವುದು ಪಕ್ಕದಲ್ಲಿ, ನೋಡುವ ವಿಭಾಗವೆಂದು ಚಿಕ್ಕ ಅಕ್ಷರದಲ್ಲಿ ಬರುತ್ತದೆ. ಎರಡನೆಯದು ಕಾನೂನುಬಾಹಿರವೇನಲ್ಲ, ಸುಕ್ಕು ಇಳಿಸುವ ಬೋಟಾಕ್ಸ್ ಇಂಜೆಕ್ಷನ್‌ಗೆ ಅಲ್ಲಿಗೂ ಹೋಗಬಹುದು. ಆದರೆ ಕಂದು ಚರ್ಮಕ್ಕೆ ಲೇಸರ್ ಅಂದರೆ ತಜ್ಞರೇ ಸರಿ. ವಿದೇಶಿ ರೋಗಿಗಳನ್ನು ಕರೆಸಿಕೊಳ್ಳುವ ಕ್ಲಿನಿಕ್‌ಗೆ ಪ್ರತ್ಯೇಕ ನೋಂದಣಿ ಕಡ್ಡಾಯ, ಅದರ ಪ್ರಮಾಣಪತ್ರ ತೋರಿಸಲು ಕೇಳಿ.

ಒಳಗೆ ಹೋದ ಕೂಡಲೇ ನಗುಮುಖದಿಂದ ಟ್ಯಾಬ್ಲೆಟ್ ಹಿಡಿದು ಕೂರುವವರು ಡಾಕ್ಟರಲ್ಲ, ‘ಸಿಲ್‌ಜಾಂಗ್’, ಅಂದರೆ ಸಲಹೆ ವಿಭಾಗದ ಮ್ಯಾನೇಜರ್. ಪ್ಯಾಕೇಜ್ ಮಾರುವುದು ಅವರ ಕೆಲಸ. ಡಾಕ್ಟರು ಮುಖ ನೋಡುವ ತನಕ ಹಣ ಕಟ್ಟಬೇಡಿ. ಜಾಹೀರಾತಿನ ‘ಇವೆಂಟ್’ ದರ ಸಾಮಾನ್ಯವಾಗಿ ಮೊದಲ ಸಲ ಬರುವವರಿಗೆ ಮಾತ್ರ, ಅದರಲ್ಲಿ ಶೇ. 10ರ ವ್ಯಾಟ್, ಮರಗಟ್ಟಿಸುವ ಕ್ರೀಮ್ ಸೇರಿದೆಯೇ ಕೇಳಿ. ಬೋಟಾಕ್ಸ್ ಆದರೆ ಯಾವ ಕಂಪನಿಯದು, ಎಷ್ಟು ಯೂನಿಟ್. ಚರ್ಮ ಬಿಗಿಗೊಳಿಸುವ ಅಲ್ಟ್ರಾಸೌಂಡ್ ಲಿಫ್ಟಿಂಗ್ ಆದರೆ ಎಷ್ಟು ಶಾಟ್, ಯಾವ ಆಳ ಎಂದು ಬರೆಸಿಕೊಳ್ಳಿ. ‘ಪೂರ್ತಿ ಮುಖ’ ಅನ್ನುವುದು ಅಳತೆಯಲ್ಲ. ಔಷಧದ ಸೀಸೆಯನ್ನು ನಿಮ್ಮೆದುರೇ ತೆರೆಯಲು ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಚರ್ಮದ ವಿಷಯ ಬೇರೆ. ಅಲ್ಲಿನ ಯಂತ್ರಗಳನ್ನು ದಿನವೂ ಹೊಂದಿಸುವುದು ತಿಳಿ ಬಣ್ಣದ ಚರ್ಮಕ್ಕೆ. ಕಂದು ಚರ್ಮದಲ್ಲಿ ಮೆಲನಿನ್ ಜಾಸ್ತಿ. ಬೆಳಕಿನ ಶಕ್ತಿಯನ್ನು ಅದೇ ಹೀರಿಕೊಂಡು ಮೇಲ್ಪದರ ಬಿಸಿಯಾಗುತ್ತದೆ, ವಾರಗಳ ಮೇಲೆ ಅದೇ ಜಾಗ ಕಪ್ಪಾಗುತ್ತದೆ. ಐಪಿಎಲ್ ಎಂಬ ತೀವ್ರ ಬೆಳಕಿನ ಚಿಕಿತ್ಸೆ ಮತ್ತು 755 ನ್ಯಾನೋಮೀಟರ್‌ನ ಅಲೆಕ್ಸಾಂಡ್ರೈಟ್ ಲೇಸರ್‌ಗೆ ಈ ಅಪಾಯ ಹೆಚ್ಚು. 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್‌ಗೆ ಕಡಿಮೆ. ಕಿವಿಯ ಮುಂದೆ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿಸಿ, ಕಾದು ನೋಡಿ ಮುಂದುವರಿಯಿರಿ. ಮೊದಲ ದಿನವೇ ಡಾಕ್ಟರನ್ನು ಕಾಣಿ ಅಂದಿದ್ದು ಇದಕ್ಕೇ. ಲೇಸರ್ ಮಾಡಿಸುವವರು ಎರಡು ವಾರ ಮುಂಚಿನಿಂದಲೇ ಬಿಸಿಲಿಗೆ ಮೈಯೊಡ್ಡಬಾರದು, ಕಡಲತೀರಕ್ಕೆ ಬೆಳಗಿನ ಜಾವ ಇಲ್ಲವೇ ಸಂಜೆ ಹೋಗಿ. ರೆಟಿನಾಲ್ ಕ್ರೀಮನ್ನು ಐದರಿಂದ ಏಳು ದಿನ ಮೊದಲೇ ನಿಲ್ಲಿಸಿ. ರಕ್ತ ತೆಳು ಮಾಡುವ ಮಾತ್ರೆ, ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು. ರಕ್ತದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಜ್ಞೆ ತಪ್ಪಿಸಿ ಮಾಡುವ ಶಸ್ತ್ರಚಿಕಿತ್ಸೆಗೆ 2023ರ ಸೆಪ್ಟೆಂಬರ್‌ನಿಂದ ಕೊರಿಯಾದ ಆಪರೇಷನ್ ಕೊಠಡಿಗಳಲ್ಲಿ ಸಿಸಿಟಿವಿ ಕಡ್ಡಾಯ. ಆದರೆ ರೆಕಾರ್ಡ್ ಆಗುವುದು ರೋಗಿ ಅಥವಾ ಮನೆಯವರು ಮೊದಲೇ ಕೇಳಿದರೆ ಮಾತ್ರ. ಕೇಳಿ.

ಚಿಕಿತ್ಸೆಗೆ ಮುಂಚಿನ ದಿನಗಳು

ಬಿಸಿನೀರಿನ ಸ್ನಾನಕ್ಕೆ ಒಂಚೊನ್‌ಜಾಂಗ್‌ನ ಹೊಶಿಮ್‌ಚೊಂಗ್. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಈಜುಡುಗೆ ಇಲ್ಲ, ಮೊದಲು ಸೋಪು ಹಚ್ಚಿ ಮೈ ತೊಳೆದೇ ಇಳಿಯಬೇಕು. ಸಂಕೋಚ ಅನ್ನುವವರಿಗೆ ಸೆಂಟಮ್ ಸಿಟಿಯ ಸ್ಪಾ ಲ್ಯಾಂಡ್: ಅಲ್ಲಿನ ಬಿಸಿ ಕೋಣೆಗಳಲ್ಲಿ ಬಟ್ಟೆ ತೊಟ್ಟೇ ಕೂರಬಹುದು.

ಜಗಲ್ಚಿ ಮಾರುಕಟ್ಟೆಯಲ್ಲಿ ಕೆಳಗೆ ಜೀವಂತ ಮೀನು ಆರಿಸಿ, ಮೇಲಿನ ಮಹಡಿಯಲ್ಲಿ ಕೂತು ತಿನ್ನುವುದು ಪದ್ಧತಿ. ಮೀನಿಗೊಂದು ಬಿಲ್, ಮೇಲೆ ಕೂತು ತಿನ್ನಲು ತಲೆಗಿಷ್ಟು ಎಂದು ಇನ್ನೊಂದು. ಮೀನನ್ನು ಬುಟ್ಟಿಗೆ ಹಾಕಿಸುವ ಮುಂಚೆ ಎರಡನ್ನೂ ಕೇಳಿ. ಕತ್ತರಿಸಿದ ಮೇಲೆ ಚೌಕಾಸಿಗೆ ಜಾಗವಿಲ್ಲ. ಅಲ್ಲಿಂದ ನಡೆದೇ ತಿಂಡಿ ಗಾಡಿಗಳ ಬಿಫ್ ಸ್ಕ್ವೇರ್‌ಗೆ ಹೋಗಿ: ಹೊಟ್ಟೊಕ್ ಎಂಬ ಕರಿದ ಸಿಹಿ ರೊಟ್ಟಿಯ ಹೊಟ್ಟೆ ಸೀಳಿ ಸೂರ್ಯಕಾಂತಿ, ಕುಂಬಳದ ಬೀಜ ತುಂಬಿ ಕೊಡುತ್ತಾರೆ. ಒಳಗೆ ಕರಗಿದ ಸಕ್ಕರೆ ಸುಡುತ್ತಿರುತ್ತದೆ, ತುಸು ಆರಲು ಬಿಡಿ.

ಸಸ್ಯಾಹಾರಿಗಳಿಗೆ ಬೂಸಾನ್ ಕಷ್ಟದ ಊರು. ‘ಗೋಗಿ ಪ್ಪೇ ಜುಸೆಯೊ’ (ಮಾಂಸ ತೆಗೆದು ಕೊಡಿ) ಎಂದು ಹೇಳಿದರೆ ಕಣ್ಣಿಗೆ ಕಾಣುವ ಮಾಂಸ ಮಾತ್ರ ಹೋಗುತ್ತದೆ. ಸಾರಿನ ಒಣಮೀನು, ಕಿಮ್ಚಿಯಲ್ಲಿನ ಉಪ್ಪುಸಿಗಡಿ ಹಾಗೇ ಉಳಿಯುತ್ತವೆ. ದೇವಾಲಯದ ಶೈಲಿಯ ಊಟ ಬಡಿಸುವ ಹೋಟೆಲುಗಳನ್ನು ಹುಡುಕಿ. 678ರಲ್ಲಿ ಸ್ಥಾಪನೆಯಾದ ಬೊಮೊಸಾ ಬೌದ್ಧ ದೇವಾಲಯಕ್ಕೆ ಅದೇ ಹೆಸರಿನ ಮೆಟ್ರೋ ನಿಲ್ದಾಣದಿಂದ 90ನೇ ನಂಬರ್ ಬಸ್ ಹೋಗುತ್ತದೆ.

ಬೆಟ್ಟದ ಮೇಲೆ ಬಣ್ಣದ ಮನೆಗಳ ಗಮ್‌ಚೊನ್ ಹಳ್ಳಿಗೆ ತೊಸೊಂಗ್ ನಿಲ್ದಾಣದಿಂದ ಹಳ್ಳಿ ಬಸ್ ಹಿಡಿಯಿರಿ, ಏರು ಬಹಳ. ಜನ ವಾಸಿಸುವ ಮನೆಗಳವು, ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ. ಕಡಲಂಚಲ್ಲಿ ಮಿಪೊದಿಂದ ಚೊಂಗ್‌ಸಪೊಗೆ ಎತ್ತರದ ಹಳಿಯ ಮೇಲೆ ಹೋಗುವ ಪುಟ್ಟ ಬೋಗಿ ಸ್ಕೈ ಕ್ಯಾಪ್ಸೂಲ್‌ಗೆ ವಾರಾಂತ್ಯದಲ್ಲಿ ಮೊದಲೇ ಬುಕ್ ಮಾಡದಿದ್ದರೆ ಟಿಕೆಟ್ ಸಿಗುವುದು ಕಷ್ಟ.

ಚಿಕಿತ್ಸೆಯ ನಂತರ

ಬೋಟಾಕ್ಸ್ ಆದ ನಾಲ್ಕು ಗಂಟೆ ಮಲಗಬಾರದು, ಮುಖ ಉಜ್ಜಬಾರದು. ಆ ದಿನ ಸ್ನಾನಗೃಹದ ಬಿಸಿ, ಸೋಜು ಎರಡೂ ಬೇಡ. ಪರಿಣಾಮ ಕಾಣಲು ಎರಡು ವಾರ, ದವಡೆಗಾದರೆ ಒಂದು ತಿಂಗಳೇ ಬೇಕು. ಮೂರನೇ ದಿನಕ್ಕೆ ಏನೂ ಆಗಿಲ್ಲವೆಂದು ಮತ್ತೆ ಚುಚ್ಚಿಸಿಕೊಳ್ಳಬೇಡಿ. ಚರ್ಮ ಚೇತರಿಸಲೆಂದು ಕೊಡುವ ರೆಜುರಾನ್ ಇಂಜೆಕ್ಷನ್ ಚುಚ್ಚಿದ ಕಡೆ ಸಣ್ಣ ಗುಳ್ಳೆಗಳು ಒಂದೆರಡು ದಿನ ಇರುವುದು ಸಹಜ. ಸಹಜವಲ್ಲದ್ದು ಫಿಲ್ಲರ್ (ಮುಖ ತುಂಬಿಸಲು ಚುಚ್ಚುವ ಜೆಲ್) ಆದಮೇಲೆ ಚರ್ಮ ಬಿಳಿಚಿಕೊಳ್ಳುವುದು, ಬಲೆಯಂಥ ನೇರಳೆ ಗೆರೆ, ಏರುತ್ತಲೇ ಇರುವ ನೋವು, ಕಣ್ಣು ಮಂಜಾಗುವುದು. ರಕ್ತನಾಳ ಕಟ್ಟಿಕೊಂಡ ಸೂಚನೆಯಿದು. ಬೆಳಗಾಗಲಿ ಎಂದು ಕಾಯಬಾರದು. ಕ್ಲಿನಿಕ್ ಮುಚ್ಚಿದ್ದರೆ ತುರ್ತು ಸೇವೆಯ 119ಕ್ಕೆ ಕರೆ ಮಾಡಿ. ಹಯಲುರೊನಿಕ್ ಆಮ್ಲದ ಫಿಲ್ಲರ್ ಆಗಿದ್ದರೆ ಅದನ್ನು ಕರಗಿಸುವ ಹಯಲುರೊನಿಡೇಸ್ ಇಂಜೆಕ್ಷನ್ ಉಂಟು, ಬೇಗ ಕೊಟ್ಟಷ್ಟೂ ಚರ್ಮ ಉಳಿಯುತ್ತದೆ.

ಈ ದಿನಗಳಿಗೆ ಸೊಮ್ಯೊನ್‌ನ ನೆಲದಡಿಯ ಅಂಗಡಿ ಸಾಲು, ಹಳೆಯ ತಂತಿ ಕಾರ್ಖಾನೆಯೊಳಗೆ ಪುಸ್ತಕದಂಗಡಿ, ಕೆಫೆ ಇರುವ ಎಫ್‌1963, ಕತ್ತಲಾದ ಮೇಲೆ ಶನಿವಾರ ಗ್ವಾಂಗಲ್ಲಿ ತೀರದ ಡ್ರೋನ್ ಪ್ರದರ್ಶನ. ಊಟಕ್ಕೆ ಸೊಮ್ಯೊನ್ ಮಾರುಕಟ್ಟೆಯ ಹಂದಿ ಮಾಂಸದ ಅನ್ನದ ಸಾರು, ದ್ವೇಜಿ ಗುಕ್‌ಬಪ್. ಉಪ್ಪುಸಿಗಡಿಯನ್ನು ಚಮಚದ ತುದಿಯಷ್ಟೇ ಹಾಕಿ, ಉಪ್ಪು ಹೆಚ್ಚಾದರೆ ಮರುದಿನ ಬಾವು ಏರುತ್ತದೆ. ಅಗಿಯಲಾಗದವರಿಗೆ ಅಕ್ಕಿ ಗಂಜಿಯಂಥ ಜುಕ್.

ಹೊರಡುವ ಮುಂಚೆ ಕ್ಲಿನಿಕ್‌ನಿಂದ ಔಷಧದ ಹೆಸರು, ಲಾಟ್ ನಂಬರ್, ಪ್ರಮಾಣ, ಲೇಸರ್‌ನ ಸೆಟ್ಟಿಂಗ್ ಇರುವ ಚೀಟಿ ಇಂಗ್ಲಿಷ್‌ನಲ್ಲಿ ಪಡೆಯಿರಿ. ಭಾಷೆ ತೊಡಕಾದರೆ 1330ಕ್ಕೆ ಫೋನ್ ಮಾಡಿ, ಪ್ರವಾಸಿ ಸಹಾಯವಾಣಿಯವರು ಇಂಗ್ಲಿಷ್‌ನಿಂದ ಕೊರಿಯನ್‌ಗೆ ಅನುವಾದಿಸಿ ಹೇಳುತ್ತಾರೆ.