ಸಂಚಿಕೆ ತುಂಬಲಿ ಅಂತ ಕಾಯುವುದನ್ನು ಬಿಟ್ಟೆ

ಈ ಸಲ ನಮ್ಮ ಇತಿಹಾಸ, ಜಾನಪದ ಅಧ್ಯಯನ ಪತ್ರಿಕೆಯ ಎರಡೂ ಸಂಚಿಕೆಗಳು ಹೇಳಿದ ತಿಂಗಳಲ್ಲೇ ಬಂದವು. ಜೂನ್‌ದು ಜೂನ್‌ನಲ್ಲಿ, ಡಿಸೆಂಬರ್‌ದು ಡಿಸೆಂಬರ್‌ನಲ್ಲಿ. ಪತ್ರಿಕೆ ನಡೆಸುವವರಿಗೆ ಇದರ ಬೆಲೆ ಗೊತ್ತು.

ಮೊದಲು 8 ಲೇಖನ ಸೇರಲಿ ಅಂತ ಕಾಯುತ್ತಿದ್ದೆವು. ಏಳು ಸಿದ್ಧವಾಗಿರುತ್ತಿದ್ದವು, ಎಂಟನೆಯದು ಪರಿಶೀಲಕರ ಹತ್ತಿರ ತಿಂಗಳುಗಟ್ಟಲೆ ಕೂತಿರುತ್ತಿತ್ತು. ಕೊನೆಗೆ ಜೋಡಿ ಸಂಚಿಕೆಯೇ ಗತಿ. 500 ಪ್ರತಿ ಆಫ್‌ಸೆಟ್ ಮಾಡಿಸಿದರೆ ಸುಮಾರು 40 ಸಾವಿರ, ಅಂಚೆ ಖರ್ಚು ಬೇರೆ. ಚಂದಾದಾರರಿಗೆ ಹೋಗುತ್ತಿದ್ದದ್ದು ನೂರೈವತ್ತು ಇರಬಹುದು. ಉಳಿದದ್ದು ಕಟ್ಟುಕಟ್ಟಾಗಿ ಬೀರುವಿನ ಮೇಲೆ.

ಈಗ ಕರಡು ತಿದ್ದಿ ಮುಗಿದ ಲೇಖನ ಆ ವಾರವೇ ಓಪನ್ ಜರ್ನಲ್ ಸಿಸ್ಟಮ್ಸ್‌ಗೆ, ಅಂದರೆ ಪತ್ರಿಕೆಯನ್ನು ಆನ್‌ಲೈನ್‌ನಲ್ಲಿ ನಡೆಸುವ ತಂತ್ರಾಂಶಕ್ಕೆ, ಏರುತ್ತದೆ. ಅದು ಉಚಿತ. ಸರ್ವರ್, ಡೊಮೇನ್ ಸೇರಿ ವರ್ಷಕ್ಕೆ 6–7 ಸಾವಿರ. ಸಿದ್ಧವಾದ ಸಾಲಿನಲ್ಲೇ ಪುಟ ಸಂಖ್ಯೆ: ಮೊದಲ ಲೇಖನ 18ನೇ ಪುಟಕ್ಕೆ ಮುಗಿದರೆ ಮುಂದಿನದು 19ರಿಂದ ಶುರು. ಗಡುವಿನ ದಿನ ಸಂಚಿಕೆ ಮುಚ್ಚುತ್ತದೆ, 5 ಇದ್ದರೆ 5. ಅಚ್ಚು ಮೊದಲೇ ದುಡ್ಡು ಕೊಟ್ಟವರಿಗಷ್ಟೇ, ಡಿಜಿಟಲ್ ಪ್ರಿಂಟ್‌ನಲ್ಲಿ 60–70 ಪ್ರತಿ. ಒಂದೊಂದು ಪ್ರತಿ ದುಬಾರಿ ಬೀಳುತ್ತದೆ, ಆದರೆ ಒಟ್ಟು ಬಿಲ್ಲು 10 ಸಾವಿರ ದಾಟಿಲ್ಲ. ಅಚ್ಚಿಗೆ, ಆನ್‌ಲೈನ್‌ಗೆ ಬೇರೆಬೇರೆ ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತಿನ ಸಂಖ್ಯೆ) ಬೇಕು, ಅಲ್ವಾ? ಅದಕ್ಕೆ ಖರ್ಚಿಲ್ಲ.

"ಹಿರಿಯರ ಲೇಖನ ಕೊನೆಗೆ ಹಾಕೋದಾ ಸಾರ್?" ಅಂತ ಕೆಲವರು ಅಂದರು. ಹೌದು, ಕೊನೆಗೆ ಸಿದ್ಧವಾಯಿತು, ಕೊನೆಗೇ ಹಾಕಿದೆ. "ಕೇರ್ ಪಟ್ಟಿಯಲ್ಲಿಲ್ಲದ ಪತ್ರಿಕೆಗೆ ಯಾರು ಬರೀತಾರೆ?" ಅಂದವರೂ ಇದ್ದರು. ಅದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಸಂಶೋಧನಾ ಪತ್ರಿಕೆಗಳ ಪಟ್ಟಿ. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಈಗ ಲೇಖಕರು ಕೇಳುವುದು ಒಂದೇ: ಎಷ್ಟು ದಿನದಲ್ಲಿ ಬರುತ್ತೆ?

ಜಾಸ್ತಿ ಹೊತ್ತು ತಿಂದದ್ದು ಹಳೇ ಆಸ್ಕಿ ಫಾಂಟಿನ ಲೇಖನಗಳು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡ ಕೂತಿರುತ್ತದೆ, ಅದನ್ನು ಈಗಿನ ಯೂನಿಕೋಡ್‌ಗೆ ಬದಲಿಸಬೇಕು. ಇಡೀ ಕಡತವನ್ನು ಪರಿವರ್ತಕಕ್ಕೆ ಹಾಕಿದರೆ ಅಡಿಟಿಪ್ಪಣಿಯ ಇಂಗ್ಲಿಷ್ ಹೆಸರುಗಳೂ ಕನ್ನಡವಾಗಿ ಹೊರಬರುತ್ತವೆ. ಶಾಸನಗಳ ಮೇಲಿನ ಒಂದು ಲೇಖನದಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ಇಂಗ್ಲಿಷಿನಲ್ಲಿ ಇದ್ದ ಕಡೆಯೆಲ್ಲ ತಲೆಬುಡವಿಲ್ಲದ ಅಕ್ಷರಗಳು. ಕೈಯಲ್ಲಿ ತಿದ್ದಿಸಲು ಡಿಟಿಪಿಯವರಿಗೆ 5 ಸಾವಿರದಷ್ಟು ಕೊಟ್ಟೆ, ಆದರೂ ತಪ್ಪು ಉಳಿದವು. ಈಗ ವರ್ಡ್‌ನಲ್ಲಿ ಫಾಂಟ್ ಹೆಸರು ಹಿಡಿದು ಇಂಗ್ಲಿಷ್ ಭಾಗವನ್ನೆಲ್ಲ ಹುಡುಕುತ್ತೇನೆ. ಅದನ್ನು ತೆಗೆದಿಟ್ಟು, ಆ ಜಾಗಕ್ಕೆ ಗುರುತು ಹಾಕಿ, ಪರಿವರ್ತನೆಯಾದ ಮೇಲೆ ವಾಪಸ್ ಕೂರಿಸುತ್ತೇನೆ. ಒಂದು ಲೇಖನಕ್ಕೆ ಅರ್ಧ ಗಂಟೆ ಸಾಕು. ಯಾವ ಗುರುತನ್ನು ಪರಿವರ್ತಕ ಮುಟ್ಟುವುದಿಲ್ಲ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಸುಮ್ನೆ ಇನ್ನೊಂದು ಮಾಡಿ ನೋಡಿದೆ. ಲೇಖಕರಿಂದಲೇ ಮೂರು ನಿಮಿಷದ ಸಾರಾಂಶ ಹೇಳಿಸಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಪಿಡಿಎಫ್ ತೆರೆಯದ ಮೇಷ್ಟ್ರುಗಳೂ ಕೇಳಿ ಫೋನ್ ಮಾಡಿದರು. ಜನಪದ ಹಾಡಿನ ಲೇಖನಕ್ಕೆ ಹಾಡಿದವರ ದನಿಯನ್ನೇ ಸೇರಿಸಿದ್ದೆವು, ಅದಕ್ಕೆ ಬಂದಷ್ಟು ಓದುಗರು ಬೇರೆ ಯಾವುದಕ್ಕೂ ಬರಲಿಲ್ಲ.

ಡಿಒಐ, ಅಂದರೆ ಒಂದೊಂದು ಲೇಖನಕ್ಕೂ ಕೊಡುವ ಶಾಶ್ವತ ಆನ್‌ಲೈನ್ ಗುರುತು, ಇನ್ನೂ ಹಾಕಿಲ್ಲ. ಹೊಸ ಲೇಖನಕ್ಕೆ 1 ಡಾಲರ್ ಅಷ್ಟೇ, ಆದರೆ ಅದನ್ನು ಕೊಡುವ ಕ್ರಾಸ್‌ರೆಫ್ ಸಂಸ್ಥೆಯ ವಾರ್ಷಿಕ ಸದಸ್ಯತ್ವ ಬೇರೆ ಕಟ್ಟಬೇಕು. ಅಚ್ಚಿನಲ್ಲಿ ಉಳಿದ ದುಡ್ಡನ್ನು ಅದಕ್ಕೆ ಎತ್ತಿಟ್ಟಿದ್ದೇನೆ. ಮುಂದಿನ ಜೂನ್ ಸಂಚಿಕೆಗೆ 2 ಲೇಖನ ಆಗಲೇ ಏರಿವೆ.