ಹದಿನಾರಾಣೆ ಹೌದು: ಒಂದು ಪ್ರಶ್ನೆಪಟ್ಟಿಯನ್ನು ಕನ್ನಡಕ್ಕೆ ತಂದ ನನ್ನ ಅನುಭವ

ಟಿ. ನರಸೀಪುರದ ಹತ್ತಿರ ಒಂದು ಹಳ್ಳಿ. ಜಗಲಿ ಮೇಲೆ ಕೂತಿದ್ದ ಅಜ್ಜಿಗೆ ನಾನು ನಿಧಾನವಾಗಿ ಓದಿ ಹೇಳಿದೆ: "ಇತರರಿಂದ ಸ್ವತಂತ್ರವಾದ ನನ್ನ ವೈಯಕ್ತಿಕ ಗುರುತು ನನಗೆ ಬಹಳ ಮುಖ್ಯ." ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಎದ್ದು ಒಳಗೆ ಹೋದರು. ಟ್ರಂಕ್ ತೆಗೆದ ಸದ್ದು ಕೇಳಿಸಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಮತದಾರರ ಗುರುತಿನ ಚೀಟಿ ತಂದು ನನ್ನ ಕೈಗಿಟ್ಟರು.

"ಇದೇ ಅಲ್ವೇನವ್ವ? ಮುಖ್ಯ ಅಲ್ದೆ ಇನ್ನೇನು? ಇದಿಲ್ದಿದ್ರೆ ಯಾವ ಆಫೀಸ್ನಲ್ಲೂ ಮಾತಾಡ್ಸಲ್ಲ."

ನನ್ನ ಹಾಳೆಯಲ್ಲಿ 1ರಿಂದ 9ರವರೆಗೆ ಅಂಕಗಳಿದ್ದವು, 9 ಅಂದರೆ ಪೂರ್ತಿ ಒಪ್ಪಿಗೆ. ನಾನು 9ಕ್ಕೆ ಸುತ್ತು ಹಾಕಿದೆ. ಲೆಕ್ಕದ ಪ್ರಕಾರ ಆ ಅಜ್ಜಿ ಅಪ್ಪಟ ವ್ಯಕ್ತಿವಾದಿ, ಅಂದರೆ 'ನಾವು' ಅನ್ನೋದಕ್ಕಿಂತ 'ನಾನು' ಅನ್ನೋದೇ ಹೆಚ್ಚು ಅನ್ನುವವರು. ಆಗಲೂ ನನಗೆ ಅನುಮಾನ ಬರಲಿಲ್ಲ ಅನ್ನೋದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಇಬ್ಬರು ಅನುವಾದಕರ ಕೈ ದಾಟಿ, ಪುಸ್ತಕದಲ್ಲಿ ಹೇಳಿದ ಪರೀಕ್ಷೆಯನ್ನೆಲ್ಲ ಪಾಸು ಮಾಡಿದ ಪ್ರಶ್ನೆಪಟ್ಟಿ ಅದು.

ನಾನು ಮನೋವಿಜ್ಞಾನದ ಮೇಷ್ಟ್ರು. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೈಸೂರು ಸುತ್ತಮುತ್ತ ಕೆಲಸ ಮಾಡುತ್ತಿದ್ದೇನೆ. ಪಿಎಚ್‌.ಡಿ.ಗೆ ಸೇರಿದಾಗ ನಮ್ಮ ಗೈಡ್ ಹೇಳಿದರು: "ನೀನು ಮಾಡ್ಬೇಕು ಅಂದ್ಕೊಂಡಿರೋದನ್ನೇ ಜೀವನ ಪೂರ್ತಿ ಮಾಡ್ತಿರೋರ ಸಂಘ ಒಂದಿದೆ. ಮೊದಲು ಅದಕ್ಕೆ ಸೇರ್ಕೊಳ್ಳಮ್ಮ." ಅದು ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಫಾರ್ ಕ್ರಾಸ್-ಕಲ್ಚರಲ್ ಸೈಕಾಲಜಿ. ಬೇರೆ ಬೇರೆ ಸಂಸ್ಕೃತಿಗಳ ಜನರ ಮನಸ್ಸನ್ನು ಹೋಲಿಸಿ ನೋಡುವವರ ಸಂಘ. ಹೆಸರು ಉದ್ದ, ಹಾಗಾಗಿ ನಾವು 'ಸಂಘ' ಅಂತಲೇ ಅನ್ನುತ್ತೇವೆ. 1972ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೇರಿದ ಸಭೆಯಲ್ಲಿ ಹುಟ್ಟಿತು. ಮೊದಲ ಅಧ್ಯಕ್ಷರು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್. ಬಿ.ಎಡ್. ಓದಿದವರಿಗೆಲ್ಲ ಗೊತ್ತಿರುವ ಹೆಸರು. ಸಂಘಕ್ಕಿಂತ ಅದರ ಪತ್ರಿಕೆಗೇ ಎರಡು ವರ್ಷ ಜಾಸ್ತಿ ವಯಸ್ಸು. ಅಮೆರಿಕದ ಬೆಲ್ಲಿಂಗ್‌ಹ್ಯಾಮ್ ಎಂಬ ಊರಿನಿಂದ ವಾಲ್ಟರ್ ಲೋನರ್ 1970ರಲ್ಲಿ ಅದನ್ನು ಶುರು ಮಾಡಿದ್ದರು.

ಇದು ಬಿಳಿಯರ ಕ್ಲಬ್ ಇರಬೇಕು ಅಂದುಕೊಂಡಿದ್ದೆ. ಪೂರ್ತಿ ಹಾಗಿಲ್ಲ. 1980ರ ಡಿಸೆಂಬರ್ ಕೊನೆಯಲ್ಲೇ ಸಂಘದ ಐದನೇ ಸಮ್ಮೇಳನ ಭುವನೇಶ್ವರದಲ್ಲಿ ನಡೆದಿತ್ತು. ಅಲಹಾಬಾದಿನ ದುರ್ಗಾನಂದ ಸಿನ್ಹಾ ಸಂಘದ ಅಧ್ಯಕ್ಷರೂ ಆಗಿದ್ದರು. ಸದಸ್ಯತ್ವದ ಶುಲ್ಕ ಎಲ್ಲರಿಗೂ ಒಂದೇ ಅಲ್ಲ, ಆದಾಯ ನೋಡಿ ನಿಗದಿಯಾಗುತ್ತದೆ. ಗೆಸ್ಟ್ ಲೆಕ್ಚರರ್ ಸಂಬಳದಲ್ಲಿದ್ದ ನನಗೆ ಅದೇ ದೊಡ್ಡ ಸಮಾಧಾನ. ಇದರ ಜೊತೆಗೆ ವಿಷಯಕ್ಕೊಂದರಂತೆ ಬರೆಸಿದ ಓದಿನ ಪಾಠಗಳನ್ನು ಸಂಘ ಯಾರು ಬೇಕಾದರೂ ಪುಕ್ಕಟೆ ಓದುವಂತೆ ಇಟ್ಟಿದೆ. ನನ್ನ ವಿದ್ಯಾರ್ಥಿಗಳಿಗೆ ಈಗಲೂ ಅಲ್ಲಿಂದಲೇ ಶುರು ಮಾಡಿಸುತ್ತೇನೆ.

ಇಂಥ ಸಂಘ ಯಾಕೆ ಬೇಕು ಅಂತ ಕೇಳಬಹುದು. 2008ರಲ್ಲಿ ಜೆಫ್ರಿ ಆರ್ನೆಟ್ ಎಂಬವರು ಅಮೆರಿಕದ ದೊಡ್ಡ ಮನೋವಿಜ್ಞಾನ ಪತ್ರಿಕೆಗಳನ್ನು ಕೂತು ಎಣಿಸಿದರು. ಸಂಶೋಧನೆಗೆ ಒಳಗಾದವರಲ್ಲಿ ನೂರಕ್ಕೆ 68 ಜನ ಅಮೆರಿಕದವರೇ. ಉಳಿದ ಪಾಶ್ಚಾತ್ಯ ದೇಶಗಳನ್ನೂ ಸೇರಿಸಿದರೆ 96 ಆಗುತ್ತಿತ್ತು. ಅಂದರೆ 'ಮನುಷ್ಯರು ಹೀಗೆ ಯೋಚಿಸುತ್ತಾರೆ' ಅಂತ ನಾವು ಕ್ಲಾಸಿನಲ್ಲಿ ಪಾಠ ಮಾಡುವಾಗ ಆ ಮನುಷ್ಯರಲ್ಲಿ ನಮ್ಮ ಅಜ್ಜಿ ಇಲ್ಲವೇ ಇಲ್ಲ. ಅಜ್ಜಿಯನ್ನು ಸೇರಿಸಬೇಕು ಅಂತ ನಾನು ಹೊರಟೆ. ಸೇರಿಸಿದ ರೀತಿ ಮಾತ್ರ ಮೇಲೆ ಹೇಳಿದಂತಿತ್ತು.

ನಾನು ಕೈಗೆತ್ತಿಕೊಂಡದ್ದು ಹ್ಯಾರಿ ಟ್ರಿಯಾಂಡಿಸ್ ಮತ್ತು ಮಿಷೆಲ್ ಗೆಲ್ಫಾಂಡ್ 1998ರಲ್ಲಿ ಪ್ರಕಟಿಸಿದ 16 ಹೇಳಿಕೆಗಳ ಪಟ್ಟಿ. ಜನ ಎಷ್ಟು 'ನಾನು', ಎಷ್ಟು 'ನಾವು' ಅಂತ ಅಳೆಯುವುದು ಅದರ ಉದ್ದೇಶ. ಇಂಥದ್ದನ್ನು ಬೇರೆ ಭಾಷೆಗೆ ತರಲು ಒಂದು ಪದ್ಧತಿ ಇದೆ, ಬ್ಯಾಕ್ ಟ್ರಾನ್ಸ್‌ಲೇಷನ್. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಾರೆ. ಮೂಲವನ್ನೇ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಮಾಡುತ್ತಾರೆ. ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಥರ ಇದ್ದರೆ ಅನುವಾದ ಸರಿ. ಸಂಘದ ಪತ್ರಿಕೆಯ ಮೊದಲ ಸಂಪುಟದಲ್ಲೇ ರಿಚರ್ಡ್ ಬ್ರಿಸ್ಲಿನ್ ಇದರ ಬಗ್ಗೆ ಬರೆದ ಲೇಖನವನ್ನು ಇವತ್ತಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ನಾನೂ ಉಲ್ಲೇಖಿಸಿದ್ದೆ. ಪೂರ್ತಿ ಓದಿರಲಿಲ್ಲ, ಅಷ್ಟೇ.

ಗುರುತಿನ ಹೇಳಿಕೆ ತಿರುಗಿ ಇಂಗ್ಲಿಷಿಗೆ ಹೋದಾಗ ಮೂಲದ ಪಡಿಯಚ್ಚು. ನಾನು ಹಿರಿಹಿರಿ ಹಿಗ್ಗಿದ್ದೆ. ಅದು ಪಡಿಯಚ್ಚಾಗಿ ಬಂದದ್ದು ಯಾಕೆ ಅಂದರೆ ಅದು ಕನ್ನಡಕ್ಕೆ ಬಂದೇ ಇರಲಿಲ್ಲ! ಕನ್ನಡದ ಅಕ್ಷರ ಹಾಕಿಕೊಂಡ ಇಂಗ್ಲಿಷ್ ಅದು. ಇಂಗ್ಲಿಷ್ ಬಲ್ಲವರಿಗೆ 'ವೈಯಕ್ತಿಕ ಗುರುತು' ಅಂದ ತಕ್ಷಣ ಹಿಂದಿನ ಇಂಗ್ಲಿಷ್ ಪದ ಕಾಣಿಸುತ್ತದೆ. ಅಜ್ಜಿಗೆ ಚೀಟಿ ಕಾಣಿಸುತ್ತದೆ. ಇದರ ವಿಪರ್ಯಾಸ ಏನೆಂದರೆ, ಅನುವಾದ ಎಷ್ಟು ಪದಕ್ಕೆ ಪದ ಇರುತ್ತದೋ ಅಷ್ಟು ಚೆನ್ನಾಗಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಒಳ್ಳೆಯ ಕನ್ನಡ ಬರೆದವರು ಫೇಲ್ ಆಗುತ್ತಾರೆ. ಆಮೇಲೆ ಬ್ರಿಸ್ಲಿನ್ ಲೇಖನ ತೆಗೆದು ಓದಿದರೆ, ಎರಡೂ ಭಾಷೆ ಬಲ್ಲವರು ಕೆಟ್ಟ ಅನುವಾದವನ್ನೂ ತಾವೇ ಊಹಿಸಿ ಸರಿಮಾಡಿಬಿಡಬಹುದು ಅಂತ ಅವರು ಆಗಲೇ ಎಚ್ಚರಿಸಿದ್ದಾರೆ.

ಮತ್ತೆ ಹಳ್ಳಿಗೆ ಹೋದೆ. ಈ ಸಲ ಅಂಕ ಕೇಳಲಿಲ್ಲ. ಒಂದೊಂದು ಹೇಳಿಕೆ ಓದಿ, "ಇದರಿಂದ ನಿಮಗೇನು ಅನ್ನಿಸ್ತು, ನಿಮ್ಮ ಮಾತಲ್ಲಿ ಹೇಳಿ" ಅಂದೆ. ಇದನ್ನು ಮೊದಲೇ ಮಾಡಬೇಕಿತ್ತು.

ಇನ್ನೊಬ್ಬರು ನನಗಿಂತ ಚೆನ್ನಾಗಿ ಮಾಡಿದರೆ ನನಗೆ ಒಳಗೆ ಬಿಗಿಯಾಗುತ್ತದೆ ಅನ್ನೋ ಅರ್ಥದ ಒಂದು ಹೇಳಿಕೆ ಇದೆ. ಮೊದಲ ಅನುವಾದಕರು 'ಉದ್ವಿಗ್ನತೆ ಮತ್ತು ಉದ್ರೇಕ' ಅಂತ ಬರೆದಿದ್ದರು. ಉದ್ರೇಕ ಅಂದ ಕೂಡಲೇ ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಅದನ್ನು 'ಹೊಟ್ಟೆಕಿಚ್ಚು' ಮಾಡಿದೆ. ಈಗ ಎಲ್ಲರಿಗೂ ಅರ್ಥವಾಯಿತು, ಆದರೆ ಒಬ್ಬರೂ ಹೌದು ಅನ್ನಲಿಲ್ಲ. ಹೊಟ್ಟೆಕಿಚ್ಚು ಯಾವತ್ತೂ ಪಕ್ಕದ ಮನೆಯವರಿಗೇ ಇರೋದು ತಾನೇ! "ನಮ್ಗಿಲ್ಲ ಕಣವ್ವ, ಆ ಮನೆಯೋರ್‌ನ ಕೇಳು" ಅಂತ ಬೆರಳು ತೋರಿಸಿದರು. ಕೊನೆಗೆ 'ಒಳಗೊಳಗೇ ಕಸಿವಿಸಿ ಆಗುತ್ತದೆ' ಅನ್ನೋದು ನಿಂತಿತು. ಕಸಿವಿಸಿ ಒಪ್ಪಿಕೊಳ್ಳಲು ಯಾರಿಗೂ ಮರ್ಯಾದೆ ಅಡ್ಡ ಬರಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಯಾರೂ ಕಷ್ಟ ಅಂದುಕೊಳ್ಳದ ಹೇಳಿಕೆಯಲ್ಲಿ. ತಂದೆ ತಾಯಿ ಮತ್ತು ಮಕ್ಕಳು ಆದಷ್ಟೂ ಜೊತೆಯಲ್ಲಿರಬೇಕು ಅನ್ನೋದು ಅದು. ಇದರಲ್ಲಿ ಏನಿದೆ, ಹಳ್ಳಿಯಲ್ಲಿ ಎಲ್ಲರೂ ಹೌದು ಅಂತಾರೆ ಅಂದುಕೊಂಡೆ. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು: "ಯಾರ ಅಪ್ಪ ಅಮ್ಮ ಅಕ್ಕ? ನಮ್ಮವ್ವನೋರಾ, ನಮ್ಮತ್ತೆಯೋರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಅವ್ವ ಇರೋದು ಇಪ್ಪತ್ತು ಕಿಲೋಮೀಟರ್ ದೂರದ ಊರಲ್ಲಿ, ಒಬ್ಬಳೇ. ಅತ್ತೆ ಮಾವ ಇದೇ ಮನೆಯಲ್ಲಿ. ಹೌದು ಅಂದರೆ ಅವ್ವನ ಹತ್ತಿರ ಹೋಗಬೇಕು ಅಂದಂತೆ. ಅಲ್ಲ ಅಂದರೆ ಅತ್ತೆಯನ್ನು ಬೇಡ ಅಂದಂತೆ, ಅದೂ ಅತ್ತೆ ಒಳಗೆ ಕೂತು ಕೇಳಿಸಿಕೊಳ್ಳುತ್ತಿರುವಾಗ. ಅವಳ ಗಂಡನನ್ನು ಕೇಳಿದರೆ ಒಂದೇ ಉಸಿರಿಗೆ ಹೌದು ಅಂದ. ಹಾಗಾದರೆ ಗಂಡ ಹೆಚ್ಚು 'ನಾವು', ಹೆಂಡತಿ ಕಡಿಮೆ 'ನಾವು' ಅಂತ ನಾನು ಬರೆಯೋದೇ? ಇಬ್ಬರೂ ಉತ್ತರ ಕೊಟ್ಟದ್ದು ಬೇರೆ ಬೇರೆ ಪ್ರಶ್ನೆಗೆ. ಈ ತಪ್ಪು ಪದಗಳ ತಪ್ಪಲ್ಲ. ಎಂಥ ಒಳ್ಳೆಯ ಅನುವಾದಕರು ಬಂದರೂ ಸರಿಹೋಗಲ್ಲ. ಸಂಘದ ಪತ್ರಿಕೆಯ ಸಂಪಾದಕರೂ ಆಗಿದ್ದ ಫೋನ್ಸ್ ವಾನ್ ಡೆ ವೈವರ್ ಇಂಥ ಎಡವಟ್ಟುಗಳನ್ನು ಮೂರು ಬಗೆ ಮಾಡಿ ತೋರಿಸಿದ್ದಾರೆ: ಅಳೆಯುವ ವಿಷಯವೇ ಎರಡು ಕಡೆ ಬೇರೆಯಾಗಿರುವುದು, ಅಳೆಯುವ ವಿಧಾನದಲ್ಲಿನ ತೊಡಕು, ಒಂದೊಂದು ಪ್ರಶ್ನೆಯ ತೊಡಕು. ನಾನು ಮೂರನೆಯದನ್ನು ಸರಿ ಮಾಡುತ್ತಾ ಕೂತಿದ್ದೆ. ಆ ಹೆಣ್ಣುಮಗಳು ಸೀದಾ ಮೊದಲನೆಯದಕ್ಕೆ ಕೈ ಹಾಕಿದಳು.

ಇನ್ನು ಎರಡನೆಯದು, ವಿಧಾನ. ಒಂದರಿಂದ ಒಂಬತ್ತರೊಳಗೆ ಎಷ್ಟು ಒಪ್ಪುತ್ತೀರಿ ಅಂದರೆ ಜನ ನನ್ನ ಮುಖ ನೋಡೋರು. "ನೀವೇ ಒಂದು ಹಾಕ್ಕೊಳ್ಳಿ ಮೇಡಂ" ಅನ್ನೋರು. ದೊಡ್ಡವರು ಕೇಳಿದ್ದಕ್ಕೆ ಅಲ್ಲ ಅನ್ನಬಾರದು ಅಂತ ಎಲ್ಲದಕ್ಕೂ ಒಂಬತ್ತು ಅನ್ನೋರು. ಒಂದು ದಿನ ಒಬ್ಬ ಯಜಮಾನರು ಅವರಾಗೇ ದಾರಿ ತೋರಿಸಿದರು. ಯಾವುದೋ ಹೇಳಿಕೆಗೆ "ಹದಿನಾರಾಣೆ ಸತ್ಯ" ಅಂದರು. ಮುಂದಿನದಕ್ಕೆ ತಲೆ ಆಡಿಸಿ, "ಇದು ಎಂಟಾಣೆ ಅನ್ನು." ಹಳೇ ಲೆಕ್ಕದಲ್ಲಿ ಹದಿನಾರಾಣೆ ಅಂದರೆ ಪೂರ್ತಿ ಒಂದು ರೂಪಾಯಿ. ಅಲ್ಲಿಗೆ ಮುಗಿಯಿತು. ಹದಿನಾರಾಣೆ, ಹನ್ನೆರಡಾಣೆ, ಎಂಟಾಣೆ, ನಾಲ್ಕಾಣೆ, ಏನೂ ಇಲ್ಲ. ಐದು ಮೆಟ್ಟಿಲು. ಆಣೆ ಲೆಕ್ಕ ಸರ್ಕಾರಿ ಪುಸ್ತಕದಿಂದ ಹೋಗಿದ್ದು 1957ರಲ್ಲಿ, ಜನರ ಬಾಯಿಂದ ಇನ್ನೂ ಹೋಗಿರಲಿಲ್ಲ. ಅವತ್ತಿನಿಂದ ವಯಸ್ಸಾದವರು ಯಾರೂ ನನ್ನನ್ನು "ನೀವೇ ಹಾಕ್ಕೊಳ್ಳಿ" ಅನ್ನಲಿಲ್ಲ.

2016ರಲ್ಲಿ ಸಂಘದ ಸಮ್ಮೇಳನ ಜಪಾನಿನ ನಗೋಯಾದಲ್ಲಿ. ರಜೆಗೆ ತಕರಾರು, ವೀಸಾ ಓಡಾಟ, ಚೀಟಿ ದುಡ್ಡು ಎತ್ತಿದ್ದು, ಎಲ್ಲ ಬಿಡಿ. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋದೆ. ಅದು ಉಳಿಸಿತು. ನನ್ನ ಪೋಸ್ಟರಿನಲ್ಲಿ ಅಂಕಿಅಂಶಗಳಿಗೆ ದೊಡ್ಡ ಜಾಗ ಕೊಟ್ಟು, ಅತ್ತೆ-ಅವ್ವನ ಪ್ರಶ್ನೆಯನ್ನು ಕೆಳಗೆ ಮೂಲೆಯಲ್ಲಿ 'ಸಮಸ್ಯೆಗಳು' ಅಂತ ಸಣ್ಣಕ್ಷರದಲ್ಲಿ ಹಾಕಿದ್ದೆ. ನಿಂತು ಓದಿದವರೆಲ್ಲ ಬಗ್ಗಿ ಓದಿದ್ದು ಆ ಮೂಲೆಯನ್ನೇ. ಇಂಡೊನೇಷ್ಯಾದ ಒಬ್ಬರು ತಮ್ಮೂರಿನ ಇಂಥದ್ದೇ ಕಥೆ ಹೇಳಿದರು. ಟರ್ಕಿಯಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು: "ಕನ್ನಡವನ್ನೇ ಯಾಕೆ ತಿದ್ದುತ್ತೀಯ? ಇಂಗ್ಲಿಷನ್ನು ತಿದ್ದು." ನನಗೆ ಹೊಳೆದೇ ಇರಲಿಲ್ಲ. ಅದಕ್ಕೆ ಡೀಸೆಂಟರಿಂಗ್ ಅನ್ನುತ್ತಾರೆ. ವರ್ನರ್ ಮತ್ತು ಕ್ಯಾಂಪ್‌ಬೆಲ್ 1970ರಲ್ಲೇ ಹೇಳಿದ್ದು. ಮೂಲ ಅನ್ನೋ ಗೌರವ ಯಾವ ಭಾಷೆಗೂ ಕೊಡದೆ, ಎರಡನ್ನೂ ಬದಲಾಯಿಸುತ್ತಾ ನಡುದಾರಿಗೆ ಬರುವುದು. ಅಂದರೆ ಅಮೆರಿಕದವರಿಗೂ "ಯಾರ ಅಪ್ಪ ಅಮ್ಮ?" ಅಂತ ಬಿಡಿಸಿಯೇ ಕೇಳಬೇಕು.

ನಗೋಯಾದಲ್ಲೇ ಇನ್ನೊಬ್ಬರು, "ನೀನು ಮೈಸೂರಿನವಳಾ? ಹಾಗಾದ್ರೆ ಮಿಲ್ಲರ್ ಓದಿರಬೇಕು" ಅಂದರು. ಓದಿದ್ದೆ, ಪರೀಕ್ಷೆಗೆ. ಊರಿಗೆ ಬಂದು ಮತ್ತೆ ಓದಿದೆ. ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಊರು ಶಿಕಾಗೊ, ಇನ್ನೊಂದು ಮೈಸೂರು. ಅವರು ಅಂಕ ಕೇಳಲೇ ಇಲ್ಲ. ನಿಮಗೆ ಗೊತ್ತಿರುವವರು ಮಾಡಿದ ಒಳ್ಳೆ ಕೆಲಸ ಹೇಳಿ, ಕೆಟ್ಟ ಕೆಲಸ ಹೇಳಿ, ಅವರು ಯಾಕೆ ಹಾಗೆ ಮಾಡಿದರು ಹೇಳಿ ಅಂದರು. ಅದರಲ್ಲಿ ಮೋಟಾರ್‌ಸೈಕಲ್ ಓಡಿಸುತ್ತಿದ್ದ ಒಬ್ಬ ವಕೀಲನ ಕಥೆ ಬರುತ್ತದೆ. ಮೋಟಾರ್‌ಸೈಕಲ್ ಟೈರು ಸಿಡಿದು ಹಿಂದೆ ಕೂತವನು ಬಿದ್ದ. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ ತಾನು ಕೋರ್ಟಿಗೆ ಹೋದ. ಬಿದ್ದವನು ಸತ್ತ. ಶಿಕಾಗೊದ ದೊಡ್ಡವರು ಇಂಥ ಕಡೆ ಹೆಚ್ಚಾಗಿ ಆ ಮನುಷ್ಯನ ಗುಣ ಎತ್ತಿ ಆಡುತ್ತಾರೆ. ಮೈಸೂರಿನವರು ಕೋರ್ಟಿನಲ್ಲಿ ಕಾಯುವ ಕಕ್ಷಿದಾರ, ಆ ಗಾಬರಿ, ಆ ಹೊತ್ತು ಎಲ್ಲ ನೋಡುತ್ತಾರೆ. ಎಂಟು ವರ್ಷದ ಮಕ್ಕಳಲ್ಲಿ ಈ ಅಂತರ ಅಷ್ಟಾಗಿ ಕಾಣಿಸಲಿಲ್ಲ. ದೊಡ್ಡವರಾಗುತ್ತಾ ಹೋದಂತೆ ಬೆಳೆಯಿತು. ನಮ್ಮೂರಿನ ಮಾತುಗಳಿಂದಲೇ ಜಗತ್ತಿನ ಪಠ್ಯಪುಸ್ತಕ ಬದಲಾಗಿದೆ, ನಾನು ಅದೇ ಊರಿನಲ್ಲಿ 9ಕ್ಕೆ ಸುತ್ತು ಹಾಕುತ್ತಾ ಓಡಾಡಿದ್ದೆ.

ಇನ್ನೂ ಹಿಂದೆ ಹೋದರೆ, 1930ರ ದಶಕದಲ್ಲೇ ಧಾರವಾಡದಲ್ಲಿ ವಿ.ವಿ. ಕಾಮತ್ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದ್ದರು. ಬಿನೆ-ಕಾಮತ್ ಪರೀಕ್ಷೆ ಅಂತ ನಮ್ಮಲ್ಲಿ ಎಲ್ಲರೂ ಕಲಿಯುತ್ತೇವೆ. ಆಗ ಬ್ರಿಸ್ಲಿನ್ ಇರಲಿಲ್ಲ, ಸಂಘವೂ ಇರಲಿಲ್ಲ. ಅವರು ಯಾರ ಜಗಲಿ ಮೇಲೆ ಕೂತು, ಯಾವ ಪದ ಹೊಡೆದುಹಾಕಿ, ಯಾವುದನ್ನು ಇಟ್ಟುಕೊಂಡರೋ ಅಂತ ನನಗೆ ಆಗಾಗ ಕುತೂಹಲವಾಗುತ್ತದೆ.

ಈಗ ನನ್ನ ಪಟ್ಟಿಯಲ್ಲಿ 16 ಹೇಳಿಕೆಗಳಿಲ್ಲ, 11 ಇವೆ. ಗುರುತಿನದ್ದು ಹೋಯಿತು. ಜೊತೆಯಲ್ಲಿರುವ ಹೇಳಿಕೆ ಅವ್ವನ ಮನೆಗೆ ಒಂದು, ಅತ್ತೆ ಮನೆಗೆ ಒಂದು ಅಂತ ಎರಡಾಗಿದೆ. ಸೊಸೆಯನ್ನು ಮಾತಾಡಿಸುವಾಗ ಮನೆಯ ಜಗಲಿ ಬಿಟ್ಟು ಡೈರಿ ಹತ್ತಿರವೋ ಬಸ್‌ಸ್ಟಾಪಿನಲ್ಲೋ ಕೂರುತ್ತೇನೆ.

ಆದರೆ ಆಣೆ ಕೈಕೊಡುತ್ತಿದೆ. ಹೋದ ವರ್ಷ ನನ್ನ ವಿದ್ಯಾರ್ಥಿನಿ ಒಬ್ಬಳು ಕಾಲೇಜು ಹುಡುಗರ ಹತ್ತಿರ ಹೋಗಿ ಹನ್ನೆರಡಾಣೆ ಅಂದರೆ, "ಅಂದ್ರೆ ಎಷ್ಟು ಪರ್ಸೆಂಟ್ ಅಕ್ಕ?" ಅಂದರಂತೆ. ನಾಲ್ಕಾಣೆಯ ಪಾವಲಿ ಚಲಾವಣೆಯಿಂದ ಹೋದದ್ದೇ 2011ರಲ್ಲಿ, ಅವರು ಕಂಡಿದ್ದರೂ ನೆನಪಿರಲಿಕ್ಕಿಲ್ಲ. ಆ ಹುಡುಗಿ ನನ್ನನ್ನು ಕೇಳದೆ ತಾನೇ ಒಂದು ಚಿತ್ರ ಬರೆದುಕೊಂಡಳು, ಮೊಬೈಲಿನ ಸಿಗ್ನಲ್ ಕಡ್ಡಿಗಳು. ನಾಲ್ಕು ಕಡ್ಡಿ ಪೂರ್ತಿ ಹೌದು, ಕಡ್ಡಿಯೇ ಇಲ್ಲದಿದ್ದರೆ ಅಲ್ಲ. ಹುಡುಗರು ಪಟಪಟ ಅಂತ ಹೇಳಿದರು.

ಈಗ ತಾತನ ಹನ್ನೆರಡಾಣೆಯೂ ಮೊಮ್ಮಗನ ಮೂರು ಕಡ್ಡಿಯೂ ಒಂದೇನಾ? ಒಂದೇ ಮನೆ, ಒಂದೇ ಭಾಷೆ, ಅಳತೆ ಮಾತ್ರ ಎರಡು. ನಾನೂ ಅವಳೂ ಇದನ್ನು ಹಿಡಿದುಕೊಂಡು ಮೂರು ತಿಂಗಳಿಂದ ಜಗಳ ಆಡುತ್ತಿದ್ದೇವೆ. ಮುಂದಿನ ಸಮ್ಮೇಳನಕ್ಕೆ ಅವಳು ಸಾರಾಂಶ ಕಳಿಸಿದ್ದಾಳೆ. ಈ ಸಲ ಜಗಳವೇ ಪೋಸ್ಟರಿನ ನಡುವೆ ದೊಡ್ಡಕ್ಷರದಲ್ಲಿದೆ, ಅಂಕಿಅಂಶ ಕೆಳಗೆ ಮೂಲೆಯಲ್ಲಿ.