ಗುಜರಿ ಆಲ್ಬಮ್‌ಗೆ ಮನೆಯವರು ಸಿಕ್ಕಿದರು

ಹೆಸರಿಲ್ಲದ ಆಲ್ಬಮ್, ಇದರ ಮನೆಯವರನ್ನು ಹುಡುಕುತ್ತೇನೆ ಅಂದಾಗ ಹಳೇ ಫೋಟೋ ಕೂಡಿಡುವ ಗೆಳೆಯರೆಲ್ಲ ನಕ್ಕಿದ್ದರು. ಸಿಕ್ಕಿದರು. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಗುಜರಿಯವನು ಆರುನೂರು ಹೇಳಿ ಮುನ್ನೂರೈವತ್ತಕ್ಕೋ ಏನೋ ಕೊಟ್ಟ. ಕಪ್ಪು ಹಾಳೆ, ಮೈದಾ ಅಂಟು. ಹೇರ್ ಡ್ರೈಯರ್ ಹಿಡಿದರೆ ಫೋಟೋ ಸುರುಳಿ ಸುತ್ತಿತು, ಅಂಟು ಮಾತ್ರ ಅಲ್ಲೇ. ಹಬೆಗೆ ಒಂದು ಮುಖವೇ ಬೆರಳಿಗೆ ಬಂತು. ಹಲ್ಲಿನ ಸಂದಿ ಉಜ್ಜುವ ದಾರ (ಫ್ಲಾಸ್) ಹಿಂದೆ ತೂರಿಸಿ ಬಿಡಿಸೋದು ಪ್ಲಾಸ್ಟಿಕ್ ಆಲ್ಬಮ್‌ಗೆ ಸರಿ, ಇದಕ್ಕೆ ಆಗಲ್ಲ. ಕೊನೆಗೆ ಹಾಳೆಯನ್ನೇ ಕತ್ತರಿಸಿ, ಹಿಂದಿನಿಂದ ಒದ್ದೆ ಮಾಡಿ ಪದರ ಪದರವಾಗಿ ಉಜ್ಜಿ ತೆಗೆದೆ. ನೀರಿಗೆ ಏನು ಸೇರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಫೋಟೋಗಳ ಬೆನ್ನಲ್ಲಿ ಪೆನ್ಸಿಲ್ ಬರಹ. 'ಗೌರಿ ಕರು ಹಾಕಿದ ದಿನ.' ಒಂದು ಹೆಬ್ಬಾಗಿಲಿನ ಹಿಂದೆ 'ನೀರು ಬರುವ ಮುಂಚೆ ನಮ್ಮ ಮನೆ.' ಪ್ರವಾಹ ಇರಬೇಕು ಅಂದರು ಗೆಳೆಯರು. ಆದರೆ ಇನ್ನೊಂದರಲ್ಲಿ ಜನರ ಹಿಂದೆ ದೊಡ್ಡ ದುಂಡು ಸೈಫನ್‌ಗಳಿದ್ದವು, ಅಂದರೆ ಅಣೆಕಟ್ಟಿನ ಹೆಚ್ಚಾದ ನೀರು ತಾನಾಗಿ ಹೊರಹೋಗುವ ಕೊಳವೆಗಳು. ಸಾಗರದ ಕಡೆ ಶರಾವತಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಈ ಹಳೇ ಅಣೆಕಟ್ಟೇ ಮುಳುಗಿತಲ್ವಾ, ಸುತ್ತಲಿನ ಊರುಗಳ ಜೊತೆ. ತಗಡಿನ ಮನೆಯೊಂದರ ಫೋಟೋ ಮಾತ್ರ ಓರ್ವೋ ಅನ್ನೋ ಪೂರ್ವ ಜರ್ಮನಿ ಬ್ರ್ಯಾಂಡಿನ ಫೋಟೋ ಕಾಗದದ್ದು. ಆ ಹೆಸರು ಬಂದದ್ದೇ 1964ರಲ್ಲಿ. ಅಂದರೆ ಅದು ಮುಳುಗಿದ ಊರಿಂದ ಎದ್ದು ಹೋದ ನಂತರದ ಮನೆ.

ಇಂಟರ್ನೆಟ್‌ನಲ್ಲಿ ಮುಖಗಳನ್ನು ಹಾಕಿದೆ. ಲೈಕ್ ಬಂತು, ಇಬ್ಬರು ತಮ್ಮದೇ ಅಂತ ಸುಮ್ನೆ ಜಗಳಕ್ಕೂ ಬಂದರು, ಬೆನ್ನಲ್ಲಿ ಏನಿದೆ ಹೇಳಿ ಅಂದರೆ ಮಾಯ. ಪ್ರಿಂಟ್ ಹಿಡಿದು ಸಾಗರಕ್ಕೆ ಹೋದೆ, ಅಡಿಕೆ ಮಂಡಿಯಲ್ಲಿ ಕೂತೆ. ಮುಖ ತೋರಿಸಿದರೆ 'ಗೊತ್ತಿಲ್ಲೆ ತಮಾ.' ಹೆಬ್ಬಾಗಿಲು ತೋರಿಸಿದಾಗ ಒಬ್ಬ ಹಿರಿಯರು ಕನ್ನಡಕ ಹುಡುಕಿದರು. ಕಂಬದ ಕೆತ್ತನೆ ನೋಡಿ ಮನೆತನದ ಹೆಸರನ್ನೇ ಹೇಳಿದರು. ನೆನಪಿಡಿ, ಮುಖ ಅಲ್ಲ, ಮನೆ ತೋರಿಸಬೇಕು.

ಆ ಮನೆಯ ಮಗಳು ಶಿವಮೊಗ್ಗದ ಹತ್ತಿರ ಇದ್ದಾರೆ. ಬೆಂಗಳೂರಿನ ಅಣ್ಣನ ಮನೆ ಖಾಲಿ ಮಾಡುವಾಗ ಆಲ್ಬಮ್ ಗುಜರಿಗೆ ಹೋಗಿತ್ತಂತೆ. ಪೆನ್ಸಿಲ್ ಅಕ್ಷರ ಅವರ ಅಮ್ಮನದು. ಫೋಟೋಗಳಿಗೆ ಆ್ಯಪ್‌ನಲ್ಲಿ ಬಣ್ಣ ಹಾಕಿಯೂ ಒಯ್ದಿದ್ದೆ. ತಲೆ ಬೋಳಿಸಿದ ಅಜ್ಜಿಗೆ ಅದು ನೀಲಿ ಸೀರೆ ಉಡಿಸಿತ್ತು. 'ಅಜ್ಜಿ ಉಟ್ಟದ್ದು ಕೆಂಪು ಮಾತ್ರ' ಅಂತ ಅವರು ಅದನ್ನು ವಾಪಸ್ ಕೊಟ್ಟರು.

ಬಸ್ಸು, ಲಾಡ್ಜ್, ಸ್ಕ್ಯಾನ್ ಎಲ್ಲ ಸೇರಿ ನಾಲ್ಕೈದು ಸಾವಿರ ಹೋಯಿತು. ದುಡ್ಡು ಕೊಡಲು ಬಂದರು, ಬೇಡ ಅಂದೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಬಿಡಲಿಲ್ಲ.